ಚುನಾವಣೆಗಾಗಿ ಕಾದ ಯುದ್ಧ

ಸರ್ಕಾರಿ ಸೇವೆಯಲ್ಲಿ ಬಹುಕಾಲ ಕಳೆದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ: ಕಡತದಲ್ಲಿ ನಮೂದಾದ ಕಾರಣ ಒಂದು, ಬಾಗಿಲು ಮುಚ್ಚಿ ಆಡಿದ ಮಾತಿನಲ್ಲಿದ್ದ ಕಾರಣ ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ಆ ಕೋಣೆಯಲ್ಲೇ ಉಳಿಯುತ್ತದೆ. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1971ರ ಫೆಬ್ರುವರಿಯಲ್ಲಿ ತಮ್ಮ ಕಚೇರಿಯಲ್ಲಿ ಗುಪ್ತ ಧ್ವನಿಮುದ್ರಣ ವ್ಯವಸ್ಥೆ ಅಳವಡಿಸಿಕೊಳ್ಳದಿದ್ದರೆ ವಿಯೆಟ್ನಾಂ ಯುದ್ಧದ ಕಡೆಯ ಅಧ್ಯಾಯದಲ್ಲಿಯೂ ಹಾಗೆಯೇ ಆಗುತ್ತಿತ್ತು.

1972ರ ಆಗಸ್ಟ್ 3ರಂದು ನಿಕ್ಸನ್ ಹಾಗೂ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸ್ಸಿಂಜರ್ ನಡೆಸಿದ ಸಂಭಾಷಣೆ ಆ ಸುರುಳಿಗಳಲ್ಲಿದೆ. ಚುನಾವಣೆಗೆ ಉಳಿದದ್ದು ಮೂರೇ ತಿಂಗಳು. ದಕ್ಷಿಣ ವಿಯೆಟ್ನಾಂ ಬಹುಶಃ ಉಳಿಯಲಾರದು ಎಂದು ನಿಕ್ಸನ್ನರೇ ಹೇಳುತ್ತಾರೆ. ಚುನಾವಣೆ ಗೆಲ್ಲುವುದು ಬಹು ಮುಖ್ಯ, ನಿಜ. ಆದರೆ ಒಂದೆರಡು ವರ್ಷಗಳಲ್ಲಿ ಉತ್ತರವು ದಕ್ಷಿಣವನ್ನು ನುಂಗಿಬಿಟ್ಟರೆ ನಮ್ಮ ವಿದೇಶಾಂಗ ನೀತಿ ನಿಂತೀತೇ ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಗಮನಿಸಬೇಕಾದದ್ದು ಸಲಹೆಗಾರರ ಉತ್ತರವನ್ನು. ಪತನವು ದಕ್ಷಿಣ ವಿಯೆಟ್ನಾಮಿನವರದೇ ಅಸಾಮರ್ಥ್ಯದ ಫಲವೆಂಬಂತೆ ಕಂಡರೆ ನೀತಿಗೆ ಧಕ್ಕೆಯಿಲ್ಲ. ಒಂದೆರಡು ವರ್ಷ ಹೇಗೋ ತಡೆದು ನಿಲ್ಲಿಸುವ ಸೂತ್ರ ಬೇಕು. ಅಕ್ಟೋಬರಿನಲ್ಲಿ ಒಪ್ಪಂದವಾದರೆ 1974ರ ಜನವರಿಯ ಹೊತ್ತಿಗೆ ಯಾರೂ ಆ ಬಗ್ಗೆ ತಲೆಕೆಡಿಸಿಕೊಳ್ಳುವುದಿಲ್ಲ!

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ಕೊರತೆಯನ್ನು ಮುಂದಿನ ಬಜೆಟ್ಟಿಗೆ ತಳ್ಳುವ ಪರಿಚಿತ ಉಪಾಯದಂತೆ ಕಾಣುತ್ತದೆ. ಅದೇನೂ ಆ ದಿನ ಹೊಳೆದದ್ದಲ್ಲ. ಸೇನೆಯನ್ನು 1971ರಲ್ಲೇ ಪೂರ್ಣ ಹಿಂತೆಗೆದುಕೊಂಡರೆ ಅದರ ದುಷ್ಪರಿಣಾಮ ಚುನಾವಣೆಗೆ ಮೊದಲೇ ಎದುರಾದೀತು, ಆದ್ದರಿಂದ 1972ರ ಕೊನೆಯವರೆಗೆ ಕಾಯುವುದು ಲೇಸು ಎಂದು ಕಿಸ್ಸಿಂಜರ್ ವಾದಿಸಿದ್ದನ್ನು ಶ್ವೇತಭವನದ ಮುಖ್ಯಾಧಿಕಾರಿ ಹಾಲ್ಡೆಮನ್ 1970ರ ಡಿಸೆಂಬರಿನಲ್ಲಿಯೇ ದಿನಚರಿಯಲ್ಲಿ ಬರೆದಿಟ್ಟಿದ್ದರು. ಕಾದ ಆ ಅವಧಿಯಲ್ಲಿ ಸೈನಿಕರು ಸಾಯುತ್ತಲೇ ಇದ್ದರು.

ಭದ್ರತಾ ಸಲಹೆಗಾರರ ನೇಮಕಕ್ಕೆ ಅಲ್ಲಿನ ಸೆನೆಟ್‌ನ ಒಪ್ಪಿಗೆ ಬೇಕಿಲ್ಲ. ವಿದೇಶಾಂಗ ಸಚಿವ ವಿಲಿಯಂ ರೋಜರ್ಸ್ ಅವರನ್ನು ಮುಖ್ಯ ನಿರ್ಧಾರಗಳಿಂದ ದೂರವೇ ಇಡಲಾಗಿತ್ತು. ಅಂತಹ ಮಾತನ್ನು ಮೂರನೆಯವರೊಬ್ಬರ ಮುಂದೆ ಆಡಬೇಕಾಗಿದ್ದರೆ ಕಿಸ್ಸಿಂಜರ್ ಒಂದು ಕ್ಷಣ ತಡೆಯುತ್ತಿದ್ದರೇನೋ.

2023ರಲ್ಲಿ ನಿಧನರಾದ ಕಿಸ್ಸಿಂಜರ್ ಈ ವ್ಯಾಖ್ಯಾನವನ್ನು ಒಪ್ಪಲಿಲ್ಲ. ವಾಟರ್‌ಗೇಟ್ ಹಗರಣ ಅಧ್ಯಕ್ಷರನ್ನು ದುರ್ಬಲಗೊಳಿಸಿತು, ಸಂಸತ್ತು ಕೈಕಟ್ಟಿಹಾಕಿತು ಎಂಬುದು ಅವರ ವಾದ. 1973ರ ಆಗಸ್ಟ್ ಮಧ್ಯಭಾಗದಿಂದ ಇಂಡೋಚೀನಾದಲ್ಲಿ ಅಮೆರಿಕದ ಸೈನಿಕ ಕಾರ್ಯಾಚರಣೆಯನ್ನು ಸಂಸತ್ತು ನಿಷೇಧಿಸಿದ್ದು ನಿಜ. ಆದರೆ ಮೇಲಿನ ಸಂಭಾಷಣೆ ನಡೆದದ್ದು ಅದಕ್ಕೂ ಒಂದು ವರ್ಷ ಮುಂಚೆ.

ನಿಕ್ಸನ್ 49 ರಾಜ್ಯಗಳಲ್ಲಿ ಗೆದ್ದರು. 1973ರ ಜನವರಿ 27ರ ಪ್ಯಾರಿಸ್ ಒಪ್ಪಂದವು ಉತ್ತರದ ಪಡೆಗಳನ್ನು ದಕ್ಷಿಣದ ನೆಲದಲ್ಲಿಯೇ ಬಿಟ್ಟಿತು. ದಕ್ಷಿಣದ ಅಧ್ಯಕ್ಷ ಥಿಯು ಇದನ್ನೇ ಕಟುವಾಗಿ ವಿರೋಧಿಸಿ, ಕೊನೆಗೆ ಒತ್ತಡಕ್ಕೆ ಮಣಿದಿದ್ದರು. ಸೈಗಾನ್ ಬಿದ್ದದ್ದು 1975ರ ಏಪ್ರಿಲ್ 30ರಂದು. ಅದಕ್ಕೆ ಒಂಬತ್ತು ದಿನ ಮೊದಲು ರಾಜೀನಾಮೆ ನೀಡಿದ ಥಿಯು, ಅಮೆರಿಕ ಕೊಟ್ಟ ಮಾತಿಗೆ ತಪ್ಪಿತೆಂದು ದೂರಿದರು. ಆ ಸುರುಳಿ ಆಗಿನ್ನೂ ಹೊರಬಿದ್ದಿರಲಿಲ್ಲ.