ಉಂಡ ಮನೆಯ ಜಂತಿ

ವಿಯೆಟ್ನಾಮ್ ಯುದ್ಧದ ಮಾತು ಬಂದಾಗ ಕೇಳುಗರ ಮನಸ್ಸು ಸಹಜವಾಗಿಯೇ ಸೈಗಾನ್, ಹನೋಯ್ ನಗರಗಳ ಕಡೆಗೆ, ಇಲ್ಲವೆ ಸೈನ್ಯಭರ್ತಿಯ ಚೀಟಿಗಳನ್ನು ಬೀದಿಯಲ್ಲಿ ಸುಟ್ಟ ಅಮೆರಿಕದ ತರುಣರ ಕಡೆಗೆ ಹರಿಯುತ್ತದೆ. ನನ್ನ ಮನಸ್ಸು ಮಾತ್ರ ನವಲಗುಂದ ತಾಲೂಕಿನ ಒಂದು ಹಳ್ಳಿಯ ಅಡಿಗೆಮನೆಯನ್ನು ಹೊಕ್ಕು ನಿಲ್ಲುತ್ತದೆ. 1966ನೆಯ ಇಸವಿ, ನನಗಾಗ ಒಂಬತ್ತು ವರ್ಷ. ಅವ್ವ ಒಲೆಯ ಮುಂದೆ ಕುಳಿತು ಕೆಂಪು ಹಿಟ್ಟಿನ ರೊಟ್ಟಿ ಬಡಿಯುತ್ತಿದ್ದಾಳೆ. ಅಂಗೈಯಗಲ ಆಗುವಷ್ಟರಲ್ಲಿ ಅದರ ಅಂಚು ಬಿರಿಯುತ್ತದೆ. ಹಂಚಿಗೆ ಹಾಕಹೋದರೆ ನಡುವೆ ಹರಿಯುತ್ತದೆ. "ಇದಕ್ಕ ಜಿಗಿನ ಇಲ್ಲೋ ತಮ್ಮಾ, ಎಷ್ಟ ಎಸರು ಹಾಕಿದ್ರೂ ಕೂಡವಲ್ದು" ಎಂದು ಆಕೆ ಕೊನೆಗೆ ಆ ಹಿಟ್ಟನ್ನೆಲ್ಲ ಅಂಬಲಿಗೆ ಹಾಕಿಬಿಡುತ್ತಿದ್ದಳು.

ಅದು ಅಮೆರಿಕದ ಜೋಳ. ಮಿಲೋ ಎಂದು ಅದರ ಹೆಸರು. ಆ ದೇಶದಲ್ಲಿ ಹೆಚ್ಚಾಗಿ ದನಕರುಗಳ ಮೇವಿಗಾಗಿ ಬೆಳೆಯುವ ಕಾಳು. ಎರಿಯ ಹೊಲದ ಹಿಂಗಾರಿ ಬಿಳಿಜೋಳವನ್ನು ತಲೆತಲಾಂತರದಿಂದ ಉಂಡವರಿಗೆ ಅದು ಜೋಳವೆಂದೇ ಅನ್ನಿಸುತ್ತಿರಲಿಲ್ಲ. ಆದರೆ ಬೇರೆ ದಾರಿ ಇರಲಿಲ್ಲ. 1965ರಲ್ಲಿ ಮಳೆ ಕೈಕೊಟ್ಟಿತು; ಮರುವರ್ಷವೂ ದೇಶದ ಬಹುಭಾಗದಲ್ಲಿ ಅದೇ ಗತಿ. 1964-65ರಲ್ಲಿ ಸುಮಾರು 8 ಕೋಟಿ 90 ಲಕ್ಷ ಟನ್ನಿದ್ದ ದೇಶದ ಆಹಾರಧಾನ್ಯದ ಉತ್ಪನ್ನ ಮುಂದಿನ ವರ್ಷ 7 ಕೋಟಿ 20 ಲಕ್ಷ ಟನ್ನಿಗೆ ಕುಸಿಯಿತು. ನಮ್ಮ ಓಣಿಯ ಹಗೇವುಗಳು ಬರಿದಾಗಿದ್ದವು. ಸೋಮವಾರ ರಾತ್ರಿಯ ಊಟ ಬಿಡಿರೆಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಕೇಳಿಕೊಂಡಿದ್ದರು. ನಮ್ಮ ಮನೆಯಲ್ಲಿ ಸೋಮವಾರ ಮೊದಲೇ ಒಪ್ಪತ್ತಿನ ದಿನ. ಆದ್ದರಿಂದ ದೇಶಸೇವೆಗೆಂದು ಹೊಸದಾಗಿ ಬಿಡಲು ನಮ್ಮಲ್ಲಿ ಏನೂ ಉಳಿದಿರಲಿಲ್ಲ!

ಈ ಧಾನ್ಯ ಬರುತ್ತಿದ್ದ ಬಗೆಯನ್ನು ತುಸು ವಿವರಿಸಬೇಕು. 1954ರಲ್ಲಿ ಅಮೆರಿಕ ಮಾಡಿಕೊಂಡ ಕಾನೂನೊಂದರ ಕ್ರಮಾಂಕ 480, ಪಿ.ಎಲ್. 480 ಎಂದು ಅದು ಲೋಕಪ್ರಸಿದ್ಧವಾಯಿತು. ಅಲ್ಲಿ ಬೆಳೆದು ಮಿಕ್ಕ ಧಾನ್ಯವನ್ನು ಕೊರತೆಯ ದೇಶಗಳಿಗೆ ಡಾಲರಿಗಲ್ಲದೆ ಆಯಾ ದೇಶದ ನಾಣ್ಯಕ್ಕೇ ಮಾರುವುದು ಅದರ ಮುಖ್ಯ ಏರ್ಪಾಡು. 1956ರ ಆಗಸ್ಟಿನಲ್ಲಿ ಭಾರತ ಮೊದಲ ಒಪ್ಪಂದಕ್ಕೆ ಸಹಿ ಹಾಕಿತು. ನ್ಯಾಯಬೆಲೆ ಅಂಗಡಿಯಲ್ಲಿ ನಾವು ಕಾಳಿಗೆ ರೊಕ್ಕ ಕೊಡುತ್ತಿದ್ದೆವು. ನಮ್ಮ ಸರಕಾರ ಅಮೆರಿಕದ ಹೆಸರಿನ ಖಾತೆಗೆ ಧಾನ್ಯದ ಬೆಲೆಯನ್ನು ರೂಪಾಯಿಯಲ್ಲಿ ಜಮಾ ಮಾಡುತ್ತಿತ್ತು. ಆ ಹಣದ ದೊಡ್ಡ ಪಾಲು ಸಾಲವಾಗಿ ನಮಗೇ ಮರಳುತ್ತಿತ್ತು. ಉಳಿದದ್ದು ಇಲ್ಲಿಯ ಅವರ ವೆಚ್ಚಗಳಿಗೆ. ಇದೇ ಕಾನೂನಿನಡಿ ದಕ್ಷಿಣ ವಿಯೆಟ್ನಾಮಿನಲ್ಲಿ ಧಾನ್ಯ ಮಾರಿ ಬಂದ ಅಲ್ಲಿಯ ಹಣ ಸೈಗಾನ್ ಸರಕಾರದ ಸೈನ್ಯದ ಖರ್ಚಿಗೆ ಹೋಗುತ್ತಿತ್ತೆಂಬುದನ್ನು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಶಾಲೆಯ ಸಂಗತಿ ಬೇರೆ. ಅಲ್ಲಿ 'ಕೇರ್' ಸಂಸ್ಥೆಯ ಹಾಲಿನ ಪುಡಿ, ಉಪ್ಪಿಟ್ಟು ಪುಕ್ಕಟೆ. ಚೀಲದ ಮೇಲೆ ಕೈಕುಲುಕುತ್ತಿರುವ ಎರಡು ಕೈಗಳ ಚಿತ್ರ. ಇದು ಅಮೆರಿಕದ ಜನರ ಕೊಡುಗೆಯೆಂಬ ಇಂಗ್ಲಿಷ್ ಬರಹ. ಬಿಸಿ ಹಾಲಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಎರಡನೆಯ ಲೋಟಕ್ಕೆ ಕೈಯೊಡ್ಡುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ.

ಈ ಎರಡು ಚೀಲಗಳ ಗೊಂದಲವೇ ನಮ್ಮ ಕಟ್ಟೆಯ ಮೇಲೆ ದೊಡ್ಡ ಜಗಳಕ್ಕೆ ಕಾರಣವಾಯಿತು. 1966ರ ಜುಲೈ ತಿಂಗಳು. ಉತ್ತರ ವಿಯೆಟ್ನಾಮಿನ ಮೇಲೆ ಬಾಂಬು ಹಾಕುವುದನ್ನು ಅಮೆರಿಕ ನಿಲ್ಲಿಸಬೇಕೆಂದು ಇಂದಿರಾ ಗಾಂಧಿಯವರು ಹೇಳಿದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ನನ್ನ ಕಾಕಾ ಅದನ್ನೋದಿ ಕೆರಳಿದರು. "ಉಂಡ ಮನೀ ಜಂತಿ ಎಣಸಬಾರದ್ರೀ ಮಾಸ್ತರ. ಅವರ ಕಾಳ ತಿಂದು ಅವರನ್ನ ಬೈಯೂದು ಯಾವ ನ್ಯಾಯ?" ಎಂದರು. ನಮ್ಮ ಮಾಸ್ತರರು ಶಾಂತವಾಗಿ, "ಗೌಡ್ರ, ಸಾಲಿ ಚೀಲ ದಾನದ್ದು, ಖರೆ. ನಿಮ್ಮ ಮನೀದು ರೊಕ್ಕಾ ಕೊಟ್ಟ ತಂದದ್ದು. ಖಾನಾವಳ್ಯಾಗ ಉಂಡವರು ಜಂತಿ ಎಣಿಸಿದ್ರ ತಪ್ಪೇನು?" ಎಂದು ಕೇಳಿದರು. ಕಾಕಾನಿಗೆ ಉತ್ತರ ಹೊಳೆಯಲಿಲ್ಲ. ಆದರೆ ಎರಡು ವಾರ ಅವರು ಮಾಸ್ತರರೊಡನೆ ಮಾತು ಬಿಟ್ಟರು.

ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತೆಂದು ಈಗ ನನಗೆ ತೋರುತ್ತದೆ. ಖಾನಾವಳಿಯ ಮಾತು ಚೆಂದವಾದದ್ದೇ. ಆದರೆ ಅಮೆರಿಕ ಡಾಲರನ್ನೇ ಕೇಳಿದ್ದರೆ ಆ ವರ್ಷ ನಮ್ಮ ಬೊಕ್ಕಸದಲ್ಲಿ ಕೊಡಲು ಡಾಲರಿರಲಿಲ್ಲ. ಜೂನ್ 6ರಂದು ರೂಪಾಯಿಯ ಮೌಲ್ಯವನ್ನೇ ಇಳಿಸಬೇಕಾಗಿ ಬಂದು, ಡಾಲರಿನ ಬೆಲೆ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಏರಿತ್ತು. ಇನ್ನೊಂದೆಡೆ, ವಿಯೆಟ್ನಾಮಿನ ಬಗೆಗೆ ಭಾರತ ಆಡಿದ್ದು ಅಧಿಕಪ್ರಸಂಗದ ಮಾತಲ್ಲ. ಕೊರಿಯಾದ ಯುದ್ಧಕೈದಿಗಳ ವ್ಯಾಜ್ಯವನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953ರಲ್ಲಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೇ ಅಧ್ಯಕ್ಷರು. 1954ರ ಜಿನೀವಾ ಒಪ್ಪಂದದ ಪಾಲನೆಯನ್ನು ವಿಯೆಟ್ನಾಮಿನಲ್ಲಿ ನೋಡಿಕೊಳ್ಳಲು ಕೆನಡಾ, ಪೋಲೆಂಡುಗಳೊಡನೆ ನೇಮಕವಾದ ಆಯೋಗಕ್ಕೂ ಭಾರತದ್ದೇ ಅಧ್ಯಕ್ಷತೆ. ಅಂದರೆ ಜಂತಿ ಎಣಿಸುವ ಕೆಲಸಕ್ಕೇ ನಮ್ಮನ್ನು ನೇಮಿಸಿದ್ದರು!

ಅಧ್ಯಕ್ಷ ಲಿಂಡನ್ ಜಾನ್ಸನ್ನರಿಗೆ ಇದು ರುಚಿಸಲಿಲ್ಲ. ಅವರು 1965ರಿಂದಲೇ ದೀರ್ಘಾವಧಿಯ ಒಪ್ಪಂದವನ್ನು ಬಿಟ್ಟು, ಸ್ವಲ್ಪ ಸ್ವಲ್ಪವೇ ಧಾನ್ಯಕ್ಕೆ ತಾವೇ ಒಪ್ಪಿಗೆ ಕೊಡುವ ಪದ್ಧತಿಯನ್ನು ಆರಂಭಿಸಿದ್ದರು. ದನವನ್ನು ಗಿಡ್ಡ ಹಗ್ಗದಿಂದ ಗೂಟಕ್ಕೆ ಕಟ್ಟಿ ಮೇಯಿಸಿದಂತೆ. 1966ರ ಮಾರ್ಚಿನಲ್ಲಿ ಇಂದಿರಾ ಗಾಂಧಿಯವರು ವಾಷಿಂಗ್ಟನ್ನಿಗೆ ಹೋಗಿಬಂದಾಗ ಹಗ್ಗ ಸಡಿಲಾಯಿತು. ಹೆಚ್ಚಿನ 35 ಲಕ್ಷ ಟನ್ ಧಾನ್ಯಕ್ಕೆ ಜಾನ್ಸನ್ನರು ತಮ್ಮ ಶಾಸನಸಭೆಯ ಸಮ್ಮತಿ ಕೇಳಿದರು. ಜುಲೈನಲ್ಲಿ ಮಾಸ್ಕೋದಿಂದ ಹೊರಟ ಜಂಟಿ ಹೇಳಿಕೆ ಇಂಡೋಚೀನದ ಸಾಮ್ರಾಜ್ಯಶಾಹಿಗಳನ್ನು ಖಂಡಿಸಿದ ಮೇಲೆ ಮತ್ತೆ ಬಿಗಿಯಿತು. ಭಾರತ ಹೇಳುತ್ತಿರುವುದನ್ನೇ ಪೋಪರೂ ವಿಶ್ವಸಂಸ್ಥೆಯ ಊ ಥಾಂಟರೂ ಹೇಳುತ್ತಿದ್ದಾರಲ್ಲ ಎಂದಾಗ, ಅವರಿಗೆ ನಮ್ಮ ಗೋದಿ ಬೇಕಾಗಿಲ್ಲವಲ್ಲ ಎಂಬ ಅರ್ಥದ ಉತ್ತರ ಬಂದಿತೆಂದು ದಿಲ್ಲಿಯಲ್ಲಿ ರಾಯಭಾರಿಯಾಗಿದ್ದ ಚೆಸ್ಟರ್ ಬೋಲ್ಸ್ ನೆನೆಸಿಕೊಂಡಿದ್ದಾರೆ. ಆ ವರ್ಷದ ಆಗಸ್ಟಿನಿಂದ ಡಿಸೆಂಬರ್‌ವರೆಗೆ ಹೊಸ ಧಾನ್ಯದ ಒಪ್ಪಿಗೆ ಅವರ ಮೇಜಿನ ಮೇಲೆಯೇ ಉಳಿಯಿತು.

ಜಾನ್ಸನ್ನರು ಬರಿಯ ಹಟಮಾರಿಯಾಗಿದ್ದರೆಂದರೆ ಅನ್ಯಾಯವಾದೀತು. ಭಾರತ ಕೃಷಿಯನ್ನು ಕಡೆಗಣಿಸಿದೆಯೆಂಬ ಅವರ ದೂರಿನಲ್ಲಿ ಹುರುಳಿತ್ತು. ನಮ್ಮ ದೇಶದ ಯಾವ ಭಾಗದಲ್ಲಿ ಮಳೆ ಬಿತ್ತು, ಎಲ್ಲಿ ಬೀಳಲಿಲ್ಲವೆಂಬುದನ್ನು ಅವರು ತಾವೇ ವಿಚಾರಿಸಿ ತಿಳಿದುಕೊಳ್ಳುತ್ತಿದ್ದರು. 1966ರಲ್ಲಿ ನಾವು ತರಿಸಿಕೊಂಡ ಒಂದು ಕೋಟಿ ಟನ್ನಿಗೂ ಮಿಕ್ಕ ಧಾನ್ಯದಲ್ಲಿ ಬಹುಪಾಲು ಅವರ ದೇಶದ್ದೇ. ಆದರೂ ಹೊತ್ತಿನ ಕೂಳನ್ನು ಕೈಯಲ್ಲಿ ಹಿಡಿದು ಬಾಯಿ ಮುಚ್ಚಿಸುವ ಕೆಲಸ ಯಾರು ಮಾಡಿದರೂ ಅದನ್ನು ಉಪಕಾರವೆನ್ನಲು ನನ್ನಿಂದಾಗದು. ಹಾಗೆಯೇ, ಮಾಸ್ಕೋದಲ್ಲಿ ಆ ಹೇಳಿಕೆಗೆ ಸಹಿ ಹಾಕಿದವರು ಅಂಬಲಿ ಕುಡಿದು ಕಾಯಬೇಕಾದವರು ಯಾರೆಂದು ಯೋಚಿಸಿದ್ದರೆ ಎಂದೂ ಅನ್ನಿಸುತ್ತದೆ. ಈ ಪ್ರಶ್ನೆಯನ್ನು ನಾನು ಅವ್ವನ ಮುಂದೊಮ್ಮೆ ಇಟ್ಟಿದ್ದೆ. ಆಕೆಗೆ ಜಾನ್ಸನ್ನನೂ ಗೊತ್ತಿಲ್ಲ, ಮಾಸ್ಕೋವೂ ಗೊತ್ತಿಲ್ಲ. "ಬಾಂಬ್ ಹಾಕಬ್ಯಾಡ್ರಿ ಅನ್ನಾಕ ಯಾರನ್ನ ಕೇಳಬೇಕು?" ಎಂದಳು.

ಹೊಲದ ಬದುವಿನಲ್ಲಿ ಬೆಳೆದು ಮೈ ತುರಿಸುವ ಕಾಂಗ್ರೆಸ್ ಕಸ ಈ ಗೋದಿಯೊಡನೆಯೇ ಬಂತೆಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಪುಣೆಯಲ್ಲಿ ಅದನ್ನು ಗುರುತಿಸಿದ್ದು 1955-56ರ ಸುಮಾರಿಗೆ, ಪಿ.ಎಲ್. 480ರ ಹಡಗುಗಳಿಗಿಂತ ಮೊದಲೇ. ಅಮೆರಿಕದ ಗೋದಿ 1951ರಲ್ಲಿಯೂ ಸಾಲವಾಗಿ ಬಂದಿತ್ತು, ಆ ಮಾತು ಬೇರೆ.

ಮುಂದೆ ಹೈಬ್ರಿಡ್ ಜೋಳ ಬಂತು, ಮಲಪ್ರಭೆಯ ಕಾಲುವೆ ಬಂತು. 1971ರ ಕೊನೆಗೆ ಭಾರತ ಆ ರಿಯಾಯತಿ ಧಾನ್ಯವನ್ನು ನಿಲ್ಲಿಸಿತು. 1974ರ ಫೆಬ್ರವರಿಯಲ್ಲಿ ಅಮೆರಿಕ ತನ್ನ ಖಾತೆಯ ಹಣದಲ್ಲಿ 1,664 ಕೋಟಿ ರೂಪಾಯಿಗಳನ್ನು ಒಂದೇ ಚೆಕ್ಕಿನ ಮೂಲಕ ನಮಗೆ ಬಿಟ್ಟುಕೊಟ್ಟಿತು. 1975ರ ಏಪ್ರಿಲ್ 30ರಂದು ಸೈಗಾನ್ ಬಿತ್ತು.

ಆ ರೂಪಾಯಿಗಳಲ್ಲಿ ಒಂದಿಷ್ಟು ಬೇರೊಂದು ದಾರಿ ಹಿಡಿದಿತ್ತು. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದಿಲ್ಲಿಯಲ್ಲಿ ಕಚೇರಿ ತೆರೆದು, ಪಿ.ಎಲ್. 480ರ ಹಣದಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತಿತ್ತು. ಕನ್ನಡವೂ ಅವುಗಳಲ್ಲಿತ್ತು. ಕೆಲವು ವರ್ಷಗಳ ಹಿಂದೆ, ಎ.ಕೆ. ರಾಮಾನುಜನ್ನರು ಬಹುಕಾಲ ಪಾಠ ಹೇಳಿದ ಶಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿದ್ದೆ. ಕನ್ನಡದ ಕಪಾಟಿನಲ್ಲಿ ಧಾರವಾಡದಲ್ಲಿ ಅಚ್ಚಾದ ಹಳೆಯ ಕಾದಂಬರಿಯೊಂದು ಸಿಕ್ಕಿತು. ಊರಲ್ಲಿ ಅದರ ಒಂದು ಪ್ರತಿಗಾಗಿ ನಾನು ಎಷ್ಟೋ ವರ್ಷ ಅಲೆದಿದ್ದೆ. ಒಳಪುಟದಲ್ಲಿ ಪಿ.ಎಲ್. 480 ಎಂಬ ಗುರುತು. ಕೆಳಗೆ ಬೆಲೆ, ನಾಲ್ಕು ರೂಪಾಯಿ. ಅವ್ವ ನ್ಯಾಯಬೆಲೆ ಅಂಗಡಿಗೆ ಹೋಗುವಾಗ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಯ್ಯುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ ರೊಕ್ಕ. ಕಿಟಕಿಯ ಬಳಿ ಕುಳಿತು, ಗ್ರಂಥಾಲಯ ಮುಚ್ಚುವ ಹೊತ್ತಿನವರೆಗೆ ಅದನ್ನು ಓದಿದೆ.