ಹರಾಜಿನ ಸಂಜೆ ಬರೆದ ಜಾತಕ

ಐಪಿಎಲ್ ಹರಾಜಿನ ದಿನ ಒಂದು ಚೆಂಡೂ ಬಿದ್ದಿರುವುದಿಲ್ಲ. ಆದರೂ ಸಂಜೆಯ ಹೊತ್ತಿಗೆ ತಂಡಕ್ಕೆ ಬಂದ ಹೊಸಬರೆಲ್ಲರ ಜಾತಕ ಬರೆದು ಮುಗಿದಿರುತ್ತದೆ. ಇವನು ದಂಡ, ಅವನು ಪರವಾಗಿಲ್ಲ, ಇನ್ನೊಬ್ಬನ ಮೇಲೆ ಅಷ್ಟು ದುಡ್ಡು ಸುರಿಯಬಾರದಿತ್ತು. ಕರ್ನಾಟಕದ ಹೊರಗಿರುವ ನಮ್ಮಂಥವರಲ್ಲಿ ಈ ಚಟ ಒಂದು ತೂಕ ಹೆಚ್ಚೇ. ದಿನಾ ಕನ್ನಡ ಕಿವಿಗೆ ಬೀಳದ ಕಡೆ ಇರುವವರಿಗೆ ಆರ್‌ಸಿಬಿ ಬರೀ ತಂಡವಲ್ಲ, ಊರಿನ ಒಂದು ತುಂಡು. ಆ ತುಂಡಿಗೆ ಯಾರು ಬಂದು ಸೇರುತ್ತಾರೆ ಎಂಬುದು ಮನೆಗೆ ಸಂಬಂಧ ನೋಡಿದಷ್ಟೇ ಗಂಭೀರ ವಿಷಯ.

ನಾನಿರುವ ತಳೇಗಾಂವ ದಾಭಾಡೆ ಪುಣೆ–ಲೋಣಾವಳ ಲೋಕಲ್ ರೈಲಿನ ದಾರಿಯಲ್ಲಿದೆ. ಇಲ್ಲಿನ ಎಂಐಡಿಸಿ ಕಾರ್ಖಾನೆಗಳಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರು ಸಿಗುತ್ತಾರೆ. ನನ್ನಂತೆ ಹಿಂಜವಡಿಗೆ ಓಡಾಡುವ ಸಾಫ್ಟ್‌ವೇರ್‌ನವರೂ ಇದ್ದಾರೆ. ಎಕ್ಸ್‌ಪ್ರೆಸ್‌ವೇ ಪಕ್ಕದ ಗಹುಂಜೆ ಸ್ಟೇಡಿಯಂ ನಮಗೆ ತೀರಾ ದೂರವೇನಲ್ಲ. ಹಾಗಾಗಿ ಕ್ರಿಕೆಟ್ ಮಾತಿಗೆ ಇಲ್ಲಿ ಬರವಿಲ್ಲ.

2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಮೆಗಾ ಹರಾಜು ನಡೆಯಿತು. ಮೊದಲ ದಿನವೇ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದರು. ಅದೇ ದಿನ ಆರ್‌ಸಿಬಿ 11 ಕೋಟಿ ಕೊಟ್ಟು ವಿಕೆಟ್ ಕೀಪರ್ ಜಿತೇಶ್ ಶರ್ಮಾ ಅವರನ್ನು ಕೊಂಡಿತು. ವಿಜಯಪುರದ ಗೆಳೆಯನೊಬ್ಬ ಕೈಯಲ್ಲಿದ್ದ ಚಹಾ ಕೆಳಗಿಟ್ಟು, “ನಮ್ಮ ರಾಹುಲ್‌ನ ಬಿಟ್ಟು ಹನ್ನೊಂದು ಕೋಟಿಗೆ ಇಂವನ್ನ ತಂದಾರಲ್ಲೋ! ಯಾಂವ ಇಂವ?” ಅಂದ. ಜಿತೇಶ್ ಅಮರಾವತಿಯವರು, ಆಗ ವಿದರ್ಭದ ಆಟಗಾರ. ಪಕ್ಕದ ಮನೆಯ ಮರಾಠಿ ಕಾಕಾಗೆ ಮಾತ್ರ ಖುಷಿಯೋ ಖುಷಿ.

ಅವತ್ತಿನ ಸಿಟ್ಟಿಗೆ ಆಧಾರ ಇರಲಿಲ್ಲ ಎನ್ನುವಂತಿಲ್ಲ. ಹಿಂದಿನ ಸೀಸನ್‌ನಲ್ಲಿ ಜಿತೇಶ್ ಪಂಜಾಬ್ ಪರ 14 ಪಂದ್ಯಗಳಲ್ಲಿ 187 ರನ್ ಮಾತ್ರ ಮಾಡಿದ್ದರು. ಆದರೆ ಹೊಸಬನನ್ನು ಅಳೆಯಲು ಅಭಿಮಾನಿಗಳು ಹಿಡಿಯುವ ಕೋಲುಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಅವು ಎಷ್ಟು ಸಲ ಕೈಕೊಟ್ಟಿವೆ ಎಂಬುದು ಗೊತ್ತಾಗುತ್ತದೆ.

ಯಾವೂರು?

ನಮ್ಮ ಮೊದಲ ಪ್ರಶ್ನೆ ಯಾವಾಗಲೂ ಇದೇ. 2008ರ ಮೊದಲ ಐಪಿಎಲ್‌ನಲ್ಲಿ ಆರ್‌ಸಿಬಿ ಈ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದಿತ್ತು. ನಾಯಕ ರಾಹುಲ್ ದ್ರಾವಿಡ್, ಜೊತೆಗೆ ಅನಿಲ್ ಕುಂಬ್ಳೆ, ಸುನಿಲ್ ಜೋಶಿ, ವಿನಯ್ ಕುಮಾರ್, ಜೆ. ಅರುಣ್‌ಕುಮಾರ್. ಅಂದರೆ ರಣಜಿ ತಂಡದ ಅರ್ಧ ಪಾಲು ಅಲ್ಲೇ ಇತ್ತು. ಎಂಟು ತಂಡಗಳಲ್ಲಿ ಅವರು ಮುಗಿಸಿದ್ದು ಏಳನೇ ಸ್ಥಾನದಲ್ಲಿ.

ಇನ್ನು ‘ನಮ್ಮವ’ ಎಂದರೆ ಯಾರು? ದ್ರಾವಿಡ್ ಹುಟ್ಟಿದ್ದು ಇಂದೋರ್‌ನಲ್ಲಿ, ಮನೆಮಾತು ಮರಾಠಿ. ಅವರು ಕರ್ನಾಟಕದವರಲ್ಲ ಎಂದು ಯಾರಾದರೂ ಅಂದರೆ ನಾವು ಜಗಳಕ್ಕೇ ನಿಲ್ಲುತ್ತೇವೆ. ದೇವದತ್ತ ಪಡಿಕ್ಕಲ್ ಹುಟ್ಟಿದ್ದು ಕೇರಳದಲ್ಲಿ, ಬೆಂಗಳೂರಿನಲ್ಲಿ ಆಡಿ ಬೆಳೆದು ಕರ್ನಾಟಕದ ಆಟಗಾರರಾದರು. ಆದರೆ ಅದೇ ಇಂದೋರ್‌ನಿಂದ ರಜತ್ ಪಾಟಿದಾರ್ ಎಂಬ ಹುಡುಗ ಬಂದಾಗ ನಮ್ಮ ಪ್ರಶ್ನೆ ಮತ್ತೆ ‘ಯಾಂವ ಇಂವ?’ ಎಂಬುದೇ ಆಗಿತ್ತು.

ಕನ್ನಡದ ಹುಡುಗರಿಗೆ ಬೆಂಗಳೂರು ತಂಡದಲ್ಲಿ ಅವಕಾಶ ಕಡಿಮೆ ಎಂಬ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ಜೆಡ್ಡಾದಲ್ಲಿ ಆರ್‌ಸಿಬಿ ಕೊಂಡ ಕರ್ನಾಟಕದ ಆಟಗಾರರು ಇಬ್ಬರೇ: 2 ಕೋಟಿಗೆ ಪಡಿಕ್ಕಲ್, 30 ಲಕ್ಷಕ್ಕೆ ಮನೋಜ್ ಭಾಂಡಗೆ. 9.5 ಕೋಟಿಗೆ ಗುಜರಾತ್ ಸೇರಿದ ಪ್ರಸಿದ್ಧ ಕೃಷ್ಣ 2025ರಲ್ಲಿ 25 ವಿಕೆಟ್ ಕಿತ್ತು ಪರ್ಪಲ್ ಕ್ಯಾಪ್ ಗೆದ್ದರು. ನೋಡುತ್ತಾ ಕೂತ ನಮಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ಆ ದೂರನ್ನು ಫ್ರಾಂಚೈಸಿಯ ಮುಂದೆ ಇಡಬೇಕು. ಬಂದ ಹುಡುಗನ ತಲೆಗೆ ಕಟ್ಟಿದರೆ ಅದು ನ್ಯಾಯವಲ್ಲ.

ಎಷ್ಟು ಕೋಟಿ?

ಎರಡನೇ ಕೋಲು ಬೆಲೆ. ಕೋಟಿ ಹೆಚ್ಚಾದಷ್ಟೂ ಆಟ ಹೆಚ್ಚು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಹರಾಜಿನ ಬೆಲೆ ಹುಟ್ಟುವುದೇ ಬೇರೆ ರೀತಿ. ಇಬ್ಬರಿಗೆ ಒಂದೇ ವಸ್ತು ಬೇಕಾದರೆ, ಇಬ್ಬರ ಕೈಯಲ್ಲೂ ದುಡ್ಡಿದ್ದರೆ ಬೆಲೆ ಏರುತ್ತದೆ. ಎಪಿಎಂಸಿಯಲ್ಲಿ ಈರುಳ್ಳಿ ಮಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಲೆ ಹೇಳುವುದು ಆ ದಿನದ ಪೈಪೋಟಿಯನ್ನು, ಮುಂದಿನ ಎರಡು ತಿಂಗಳ ಆಟವನ್ನಲ್ಲ.

2014ರಲ್ಲಿ ಆರ್‌ಸಿಬಿ 14 ಕೋಟಿ ಕೊಟ್ಟು ಯುವರಾಜ್ ಸಿಂಗ್ ಅವರನ್ನು ತಂದಿತು. ಅವರು 376 ರನ್ ಮಾಡಿದರು, ಸೀಸನ್ ಮುಗಿದ ಮೇಲೆ ತಂಡ ಕೈಬಿಟ್ಟಿತು. 2021ರಲ್ಲಿ 15 ಕೋಟಿಯ ಕೈಲ್ ಜೇಮಿಸನ್ 9 ಪಂದ್ಯಗಳಲ್ಲಿ 9 ವಿಕೆಟ್ ಪಡೆದರು. ಇನ್ನೊಂದು ಕಡೆ, 2011ರ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾರೂ ಕೊಳ್ಳಲೇ ಇಲ್ಲ. ಡರ್ಕ್ ನಾನೆಸ್ ಗಾಯಗೊಂಡಿದ್ದರಿಂದ ಬದಲಿಯಾಗಿ ಬಂದ ಅವರು ಮೊದಲ ಪಂದ್ಯದಲ್ಲೇ ಕೋಲ್ಕತ್ತದ ಎದುರು ಅಜೇಯ 102 ಬಾರಿಸಿದರು. ಆ ಸಲ 608 ರನ್, ಆರೆಂಜ್ ಕ್ಯಾಪ್. ಎರಡು ವರ್ಷದ ನಂತರ, 2013ರ ಏಪ್ರಿಲ್ 23ರಂದು, ಚಿನ್ನಸ್ವಾಮಿಯಲ್ಲಿ ಅವರು ಅಜೇಯ 175 ಹೊಡೆದದ್ದು ಗಹುಂಜೆಯನ್ನೇ ತವರು ಮಾಡಿಕೊಂಡಿದ್ದ ಪುಣೆ ವಾರಿಯರ್ಸ್ ಮೇಲೆ. ಆ ವಿಷಯ ಎತ್ತಿದರೆ ಇಲ್ಲಿನವರು ಈಗಲೂ ಮಾತು ಬದಲಿಸುತ್ತಾರೆ.

ಕೊನೆಯ ಆಟ ಹೇಗಿತ್ತು?

ಮೂರನೇ ಕೋಲು ಇನ್ನೂ ಅಪಾಯಕಾರಿ. ಕಣ್ಣಿಗೆ ಬಿದ್ದ ಕೊನೆಯ ಒಂದೆರಡು ಇನಿಂಗ್ಸ್ ನೋಡಿ ಹಣೆಬರಹ ಬರೆಯುವುದು. ಇದಕ್ಕೆ ಉದಾಹರಣೆ ನಮ್ಮ ಗಹುಂಜೆಯಲ್ಲೇ ಇದೆ.

2022ರಲ್ಲಿ ಐಪಿಎಲ್‌ನ ಲೀಗ್ ಪಂದ್ಯಗಳೆಲ್ಲ ಮುಂಬೈ ಮತ್ತು ಪುಣೆಯಲ್ಲೇ ನಡೆದವು. ಏಪ್ರಿಲ್ 9ರಂದು ಇಲ್ಲಿ ಮುಂಬೈ ವಿರುದ್ಧ ಹೊಸ ಆರಂಭಿಕ ಅನುಜ್ ರಾವತ್ 66 ರನ್ ಮಾಡಿ ಆರ್‌ಸಿಬಿಯನ್ನು ಗೆಲ್ಲಿಸಿದರು. 3.4 ಕೋಟಿಗೆ ಬಂದ ಹುಡುಗ, ಇನ್ನು ಹತ್ತು ವರ್ಷ ಆರಂಭಿಕರ ಚಿಂತೆ ಇಲ್ಲ ಎಂದು ಜನ ಮಾತಾಡಿಕೊಂಡರು. ಏಪ್ರಿಲ್ 26ರಂದು ಇದೇ ಮೈದಾನದಲ್ಲಿ ರಾಜಸ್ಥಾನದ ಎದುರು ಆಡುವಾಗ ರಾವತ್ ತಂಡದಲ್ಲಿರಲಿಲ್ಲ. ಅವರ ಜಾಗದಲ್ಲಿ ಬಂದವರು ಪಾಟಿದಾರ್. ಅವರು ಮಾಡಿದ್ದು 16 ರನ್, ತಂಡ 115ಕ್ಕೆ ಆಲೌಟ್. ಆ ರಾತ್ರಿ ಮತ ಹಾಕಿಸಿದ್ದರೆ ಪಾಟಿದಾರ್‌ಗೆ ಠೇವಣಿಯೂ ಉಳಿಯುತ್ತಿರಲಿಲ್ಲ.

ಅವರ ಹಿಂದಿನ ಕಥೆಯೂ ಭರವಸೆ ಹುಟ್ಟಿಸುವಂಥದ್ದಲ್ಲ. 2021ರಲ್ಲಿ ಆರ್‌ಸಿಬಿ ಪರ 4 ಪಂದ್ಯಗಳಲ್ಲಿ 71 ರನ್. ತಂಡ ಬಿಟ್ಟುಕೊಟ್ಟಿತು, 2022ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ಕರ್ನಾಟಕದ ಕೀಪರ್ ಲವನೀತ್ ಸಿಸೋಡಿಯಾ ಗಾಯಗೊಂಡಿದ್ದರಿಂದ 20 ಲಕ್ಷಕ್ಕೆ ಬದಲಿಯಾಗಿ ಕರೆಸಿಕೊಂಡರು. ಗಹುಂಜೆಯ ಆ 16 ರನ್ ಆಗಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಮೇ 25ರಂದು ಈಡನ್ ಗಾರ್ಡನ್ಸ್‌ನಲ್ಲಿ, ಲಖನೌ ವಿರುದ್ಧದ ಎಲಿಮಿನೇಟರ್‌ನಲ್ಲಿ, ಅದೇ ಹುಡುಗ 54 ಎಸೆತಗಳಲ್ಲಿ ಅಜೇಯ 112 ಹೊಡೆದ.

ಇನ್ನೂ ಹಳೆಯ ಲೆಕ್ಕ ಬೇಕೇ? 2008ರಲ್ಲಿ 19 ವರ್ಷದೊಳಗಿನವರ ಆಯ್ಕೆಯಲ್ಲಿ ಡೆಲ್ಲಿ ತಂಡ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು. ಉಳಿದ ವಿರಾಟ್ ಕೊಹ್ಲಿ ಬೆಂಗಳೂರಿಗೆ ಬಂದರು. ಮೊದಲ ಸೀಸನ್‌ನಲ್ಲಿ 13 ಪಂದ್ಯ, 165 ರನ್. ಎರಡನೇ ಸೀಸನ್‌ನಲ್ಲಿ 246, ಮೂರನೆಯದರಲ್ಲಿ 307. ಈಗಿನ ನಮ್ಮ ತಾಳ್ಮೆಯಲ್ಲಿ ಅಳೆದಿದ್ದರೆ ಎರಡನೇ ವರ್ಷಕ್ಕೇ ‘ಮನೆಗೆ ಕಳಿಸಿ’ ಅನ್ನುತ್ತಿದ್ದೆವು. ನಾಲ್ಕನೇ ಸೀಸನ್‌ನಲ್ಲಿ ಬಂದದ್ದು 557 ರನ್.

ಯಾವ ಕೆಲಸಕ್ಕೆ?

ಹಾಗಾದರೆ ಹೊಸಬನನ್ನು ಅಳೆಯುವುದೇ ಬೇಡವೇ? ಅಳೆಯೋಣ, ಅಭಿಮಾನಿಯಾದ ಮೇಲೆ ಅಳೆಯದೆ ಇರಲಾಗದು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಇವನನ್ನು ಯಾವ ಕೆಲಸಕ್ಕೆ ತಂದರು, ಆ ಕೆಲಸ ಮಾಡಿ ತೋರಿಸಲು ಎಷ್ಟು ಅವಕಾಶ ಸಿಕ್ಕಿತು?

2024ರಲ್ಲಿ ದಿನೇಶ್ ಕಾರ್ತಿಕ್ ನಿವೃತ್ತರಾದರು. ಕೀಪಿಂಗ್ ಮಾಡಿ ಕೊನೆಯ ಓವರ್‌ಗಳಲ್ಲಿ ಬಡಿಯುವ ಜಾಗ ಖಾಲಿಯಾಯಿತು. ಜಿತೇಶ್ ಬಂದದ್ದು ಆ ಜಾಗಕ್ಕೆ. ಆ ಕ್ರಮಾಂಕದವನಿಗೆ ಎಷ್ಟೋ ದಿನ ಸಿಗುವುದು ಹತ್ತು ಹನ್ನೆರಡು ಎಸೆತ. ಅಷ್ಟರಲ್ಲಿ ಬೀಸಲೇಬೇಕು, ಬೀಸಿದರೆ ಔಟ್ ಆಗುವುದೂ ಸಹಜ. ಅಂಥವನ ಒಟ್ಟು ರನ್ ನೋಡಿ ಆರಂಭಿಕನ ಜೊತೆ ಹೋಲಿಸಿದರೆ, ನಮ್ಮ ಕಂಪನಿಯ ಭಾಷೆಯಲ್ಲಿ ಹೇಳುವುದಾದರೆ, ಟೆಸ್ಟರ್ ಎಷ್ಟು ಸಾಲು ಕೋಡ್ ಬರೆದ ಎಂದು ಲೆಕ್ಕ ಹಾಕಿದಂತೆ.

ದುಡ್ಡಿನ ಲೆಕ್ಕವೂ ಇದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಕೊಹ್ಲಿ, ಪಾಟಿದಾರ್, ಯಶ್ ದಯಾಳ್ ಮೂವರನ್ನು ಉಳಿಸಿಕೊಂಡ ಮೇಲೆ ಆರ್‌ಸಿಬಿ ಕೈಯಲ್ಲಿದ್ದದ್ದು 83 ಕೋಟಿ. ರಾಹುಲ್‌ಗೆ 14 ಕೋಟಿಗಿಂತ ಹೆಚ್ಚು ಕೊಟ್ಟಿದ್ದರೆ ಆ ದುಡ್ಡು ಬೇರೆ ಯಾರದೋ ಪಾಲಿನಿಂದ ಕಡಿಮೆಯಾಗಬೇಕಿತ್ತು. 12.5 ಕೋಟಿಯ ಹೇಜಲ್‌ವುಡ್ 12 ಪಂದ್ಯಗಳಲ್ಲಿ 22 ವಿಕೆಟ್ ಕೊಟ್ಟರು. 5.75 ಕೋಟಿಯ ಕೃಣಾಲ್ ಪಾಂಡ್ಯ ಫೈನಲ್‌ನಲ್ಲಿ 17 ರನ್‌ಗೆ 2 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. 1.5 ಕೋಟಿಯ ರೊಮಾರಿಯೊ ಶೆಫರ್ಡ್ ಚೆನ್ನೈ ವಿರುದ್ಧ 14 ಎಸೆತಗಳಲ್ಲಿ 53 ಹೊಡೆದ ಪಂದ್ಯವನ್ನು ತಂಡ ಗೆದ್ದದ್ದು ಎರಡೇ ರನ್‌ನಿಂದ.

ಏಪ್ರಿಲ್ 10ರಂದು ರಾಹುಲ್ ಚಿನ್ನಸ್ವಾಮಿಗೆ ಡೆಲ್ಲಿ ಪರ ಬಂದು ಅಜೇಯ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಬರೆದು ಇದು ನನ್ನ ಮೈದಾನ ಎಂದು ತೋರಿಸಿದರು. ವಿಜಯಪುರದ ಗೆಳೆಯನಿಗೆ ಅವತ್ತು ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನೋಡ್ರಿ, ನಾ ಹೇಳಿರಲಿಲ್ಲೇನು?” ಎಂದು ಮಾತ್ರ ಅಂದ. ಅವನ ಮಾತಿಗೆ ಎದುರಾಡಲು ಆ ರಾತ್ರಿ ಯಾರ ಬಳಿಯೂ ಏನೂ ಇರಲಿಲ್ಲ.

ಉತ್ತರ ಸಿಕ್ಕಿದ್ದು ಮೇ 27ರಂದು, ಲಖನೌದಲ್ಲಿ. 228 ರನ್ ಬೆನ್ನಟ್ಟಬೇಕು, ನಾಲ್ಕು ವಿಕೆಟ್ ಹೋಗಿವೆ. ಜಿತೇಶ್ 33 ಎಸೆತಗಳಲ್ಲಿ ಅಜೇಯ 85 ಹೊಡೆದರು. ಇನ್ನೊಂದು ತುದಿಯಲ್ಲಿ ಅಜೇಯ 41 ಮಾಡಿ ನಿಂತವರು ನಮ್ಮ ಮಯಾಂಕ್ ಅಗರ್ವಾಲ್. ಅವರೂ ಹರಾಜಿನಲ್ಲಿ ಮಾರಾಟವಾಗದೆ ಉಳಿದು, ಗಾಯಗೊಂಡ ಪಡಿಕ್ಕಲ್ ಬದಲಿಗೆ ಬಂದವರು. ಅಮರಾವತಿಯವರೂ ಬೆಂಗಳೂರಿನವರೂ ಸೇರಿ ಮುರಿಯದ ಜೊತೆಯಾಟದಲ್ಲಿ 107 ರನ್ ಕೂಡಿಸಿದರು. ಆ ಗೆಲುವಿನೊಂದಿಗೆ ಆರ್‌ಸಿಬಿ ಲೀಗ್‌ನಲ್ಲಿ ಹೊರಗಾಡಿದ ಏಳಕ್ಕೆ ಏಳೂ ಪಂದ್ಯ ಗೆದ್ದಂತಾಯಿತು. ಐಪಿಎಲ್‌ನಲ್ಲಿ ಅದುವರೆಗೆ ಯಾರೂ ಅದನ್ನು ಮಾಡಿರಲಿಲ್ಲ.

ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಕಪ್ ಎತ್ತಿದ ನಾಯಕ, ಮೂರು ವರ್ಷದ ಹಿಂದೆ ಯಾರಿಗೂ ಬೇಡವಾಗಿದ್ದ ಪಾಟಿದಾರ್. ನಡುವೆ 2023ರಲ್ಲಿ ಹಿಮ್ಮಡಿಯ ಗಾಯದಿಂದ ಇಡೀ ಸೀಸನ್ ಆಡದಿದ್ದರೂ ತಂಡ ಕೈಬಿಟ್ಟಿರಲಿಲ್ಲ. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಹೊರಗಿದ್ದ ನಾವೆಲ್ಲ ಬೆಂಗಳೂರಿನಲ್ಲಿರುವ ತಮ್ಮ, ತಂಗಿ, ಗೆಳೆಯರಿಗೆ ಫೋನ್ ಹಚ್ಚುತ್ತಾ ಕೂತ ಸಂಜೆ ಅದು. ಆ ಕಪ್ಪನ್ನು ಆ ಸಾವುಗಳಿಂದ ಬಿಡಿಸಿ ನೆನೆಯಲು ನನಗೆ ಆಗುವುದಿಲ್ಲ.

ನಮ್ಮನ್ನು ಅಳೆದ ಕೋಲು

ಇದೆಲ್ಲ ಆಟದ ಮಾತು, ಅಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂದು ನೀವು ಕೇಳಬಹುದು. ಊರು ಬಿಟ್ಟು ದುಡಿಯುವ ನಮಗೆ ಇದು ಆಟದ ಮಾತು ಮಾತ್ರ ಅಲ್ಲ. ಹೊಸ ಊರಿನಲ್ಲಿ, ಹೊಸ ಟೀಮಿನಲ್ಲಿ ನಾವೂ ಹರಾಜಿಗೆ ಬಂದವರೇ. ತಳೇಗಾಂವಕ್ಕೆ ಬಂದ ಹೊಸತರಲ್ಲಿ ಕಿರಾಣಿ ಅಂಗಡಿಯಿಂದ ಸೊಸೈಟಿಯ ಮೀಟಿಂಗ್‌ವರೆಗೆ ನಾನು ಕೇಳಿಸಿಕೊಂಡ ಮೊದಲ ಪ್ರಶ್ನೆ “ತುಮ್ಹಿ ಕುಠ್ಲೆ?” ನಮ್ಮ ‘ಯಾವೂರು?’ ಎಂಬುದರ ಮರಾಠಿ ರೂಪ. ಆಫೀಸಿನಲ್ಲಿ ಪ್ಯಾಕೇಜ್ ಎಷ್ಟು ಎಂದು ಬೆನ್ನ ಹಿಂದೆ ಲೆಕ್ಕ ಹಾಕಿದರು. ಎಂಟೆಕ್ ಮಾಡಿದವನು ಪುಸ್ತಕದ ಹುಳುವೇ ಹೊರತು ಕೆಲಸಕ್ಕಲ್ಲ ಎಂದು ಮೊದಲ ವಾರವೇ ಅಂದವರೂ ಇದ್ದರು. ಊರು, ಬೆಲೆ, ಮೊದಲ ನೋಟ. ಅದೇ ಮೂರು ಕೋಲು.

ನನ್ನ ಪುಣ್ಯಕ್ಕೆ ಆರು ತಿಂಗಳ ಪ್ರೊಬೇಷನ್ ಇತ್ತು. ಮೊದಲ ವಾರದ ತೀರ್ಪು ಕೊನೆಯ ತೀರ್ಪಾಗಲಿಲ್ಲ. ಇಂದು ಸೊಸೈಟಿಯ ಗಣಪತಿಗೆ ವಂತಿಗೆ ಎತ್ತುವ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಯಾರೂ ಕುಠ್ಲೆ ಎಂದು ಕೇಳುವುದಿಲ್ಲ. ಆ ಆರು ತಿಂಗಳನ್ನು ನಮಗೆ ಯಾರೋ ಕೊಟ್ಟಿದ್ದಾರೆ. ನಮ್ಮ ತಂಡಕ್ಕೆ ಬಂದ ಇಪ್ಪತ್ತೆರಡರ ಹುಡುಗನಿಗೆ ಎರಡು ಪಂದ್ಯದ ಪ್ರೊಬೇಷನ್ ಕೂಡ ಕೊಡದೆ ಬೈಗುಳ ಸುರಿಸುವುದು ಯಾವ ನ್ಯಾಯ?

ಈಗ ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಹರಾಜಿನ ದಿನ ಪ್ರತಿ ಹೊಸಬನ ಹೆಸರಿನ ಮುಂದೆ ಮೂರೇ ಮಾತು ಬರೆದಿಡುತ್ತೇವೆ: ಯಾವ ಕೆಲಸಕ್ಕೆ ಬಂದ, ಅವನ ಮುಂಚೆ ಆ ಕೆಲಸ ಯಾರು ಮಾಡುತ್ತಿದ್ದರು, ಎಷ್ಟು ಇನಿಂಗ್ಸ್ ಆದ ಮೇಲೆ ಮಾತಾಡಬೇಕು. ಹಾಳೆ ವಿಜಯಪುರದ ಗೆಳೆಯನ ಹತ್ತಿರವೇ ಇರುತ್ತದೆ, ಅವನೇ ಎಲ್ಲರಿಗಿಂತ ಬೇಗ ಸಿಟ್ಟಾಗುವವನು ಎಂಬ ಕಾರಣಕ್ಕೆ. ನೀವು ಚೆನ್ನೈಯಲ್ಲಿರಿ, ಗುರುಗ್ರಾಮದಲ್ಲಿರಿ, ಮುಂದಿನ ಹರಾಜಿಗೆ ಇದನ್ನು ಮಾಡಿ ನೋಡಿ. ಬೈಯುವುದಾದರೆ ಬೈಯಿರಿ, ಅಭಿಮಾನಿಗಳಿಗೆ ಅಷ್ಟೂ ಹಕ್ಕು ಇಲ್ಲದಿದ್ದರೆ ಹೇಗೆ? ಹಾಳೆಯಲ್ಲಿ ಬರೆದ ಇನಿಂಗ್ಸ್ ಮುಗಿದ ಮೇಲೆ ಬೈಯಿರಿ, ಅಷ್ಟೇ.