ವೈದ್ಯಕೀಯ ಸಮ್ಮೇಳನಕ್ಕೆ ಹೊರಡುವ ನಮ್ಮ ಮಕ್ಕಳಿಗೆ ಬೇಕಾದ ತಿಳಿವಳಿಕೆ



ಕಳೆದ ವರ್ಷ ವಿದ್ಯಾರ್ಥಿವೇತನದ ನವೀಕರಣ ಸಂದರ್ಶನಕ್ಕೆ ಎಂ.ಬಿ.ಬಿ.ಎಸ್. ಮೂರನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಬಂದಿದ್ದಳು. ತಂದೆ ವೆಲ್ಡಿಂಗ್ ಕೆಲಸದವರು. ಅಂಕಪಟ್ಟಿ, ಶುಲ್ಕದ ರಸೀದಿ ಎಲ್ಲ ನೋಡಿ ಫೈಲನ್ನು ಹಿಂದಿರುಗಿಸುವಾಗ ಕೊನೆಯಲ್ಲಿ ಒಂದು ಪತ್ರ ಕಂಡಿತು. ಬೆಂಗಳೂರಿನಲ್ಲಿ ನಡೆಯುವ ಒಂದು ವೈದ್ಯಕೀಯ ಸಮ್ಮೇಳನದಲ್ಲಿ ಪೋಸ್ಟರ್ ಪ್ರದರ್ಶಿಸಲು ಅವಳು ಆಯ್ಕೆಯಾಗಿದ್ದಾಳೆ ಎಂದು ಅದರಲ್ಲಿತ್ತು.

"ಹೋಗಿ ಬಂದೆಯಾ?" ಎಂದು ಕೇಳಿದೆ.

"ಇಲ್ಲ ಟೀಚರ್. ನೋಂದಣಿಗೆ ಹಣ ಕಟ್ಟಬೇಕಿತ್ತು. ಅಬ್ಬಾಗೆ ಹೇಳಲಿಲ್ಲ" ಎಂದಳು.

ಎರಡು ತಿಂಗಳು ಮನೆ ಮನೆ ತಿರುಗಿ, ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಅವಳು ಮಾಡಿದ ಅಧ್ಯಯನ ಅದು. ಆಯ್ಕೆಯಾಗಿಯೂ ಲ್ಯಾಪ್‌ಟಾಪಿನಲ್ಲೇ ಉಳಿದಿತ್ತು. ನಾನು ಪ್ರೌಢಶಾಲೆಯಲ್ಲಿ 34 ವರ್ಷ ವಿಜ್ಞಾನ ಕಲಿಸಿದವಳು. ವಿಜ್ಞಾನ ವಸ್ತುಪ್ರದರ್ಶನಗಳಿಗೆ ಎಷ್ಟೋ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಆದರೆ ವೈದ್ಯರ ಸಮ್ಮೇಳನಕ್ಕೆ ಹೇಗೆ ಹೋಗಬೇಕು, ಎಷ್ಟು ಖರ್ಚಾಗುತ್ತದೆ, ಯಾರನ್ನು ಕೇಳಬೇಕು ಎಂಬುದು ನನಗೂ ಗೊತ್ತಿರಲಿಲ್ಲ. ವೈದ್ಯರ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಇದೆಲ್ಲ ಊಟದ ಹೊತ್ತಿನ ಮಾತಿನಲ್ಲೇ ತಿಳಿದುಬಿಡುತ್ತದೆ. ನಮ್ಮ ಮಕ್ಕಳಿಗೆ ಹೇಳುವವರು ಬೇಕು. ವೈದ್ಯರಾಗಿರುವ ನನ್ನ ಹಳೆಯ ಶಿಷ್ಯರನ್ನು ಕೇಳಿ ತಿಳಿದುಕೊಂಡೆ. ಈ ವರ್ಷ ಮತ್ತೊಂದು ಸಮ್ಮೇಳನಕ್ಕೆ ಅದೇ ಹುಡುಗಿಯ ಜೊತೆ ನಾನೇ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ ಮೂರು ದಿನ ಇದ್ದು ಬಂದೆ. ಕಂಡದ್ದನ್ನು, ಕೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಸಮ್ಮೇಳನ ಎಂದರೆ ಏನು?

ಒಂದೊಂದು ವಿಭಾಗದ ವೈದ್ಯರಿಗೂ ಒಂದೊಂದು ಸಂಘವಿದೆ. ಆ ಸಂಘದವರು ವರ್ಷಕ್ಕೊಮ್ಮೆ ಸೇರುತ್ತಾರೆ. ಸಂಘದ ಹೆಸರಿನ ಮುಂದೆ 'ಕಾನ್' ಎಂದು ಸೇರಿಸಿ ಸಮ್ಮೇಳನಕ್ಕೆ ಹೆಸರಿಡುವುದು ರೂಢಿ. ಸಾಮಾನ್ಯ ವೈದ್ಯಶಾಸ್ತ್ರದವರದು 'ಎಪಿಕಾನ್', ಅದರ ಕರ್ನಾಟಕ ಶಾಖೆಯದು 'ಕಪಿಕಾನ್', ಮಕ್ಕಳ ತಜ್ಞರದು 'ಪೀಡಿಕಾನ್', ಸಮುದಾಯ ವೈದ್ಯಶಾಸ್ತ್ರದವರದು 'ಐಎಪಿಎಸ್‌ಎಂಕಾನ್'. ಮಕ್ಕಳು ಮನೆಯಲ್ಲಿ ಇಂಥ ಹೆಸರು ಹೇಳಿದರೆ ಅದು ಪ್ರವಾಸವಲ್ಲ, ಓದಿಗೆ ಸೇರಿದ ಕೆಲಸ ಎಂದು ಪೋಷಕರು ತಿಳಿಯಬೇಕು.

ಹಿರಿಯ ವೈದ್ಯರು ಹೊಸ ಚಿಕಿತ್ಸೆಗಳನ್ನು ತಿಳಿಯಲು ಬರುತ್ತಾರೆ. ಅವರಿಗೆ ಇನ್ನೊಂದು ಕಾರಣವೂ ಇದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ನವೀಕರಿಸಲು ಐದು ವರ್ಷಕ್ಕೆ 30 ಗಂಟೆಗಳ ಕ್ರೆಡಿಟ್ ಬೇಕು. ಪರಿಷತ್ತಿನ ಮಾನ್ಯತೆ ಪಡೆದ ಸಮ್ಮೇಳನಗಳಲ್ಲಿ ಅದು ಸಿಗುತ್ತದೆ. ವಿದ್ಯಾರ್ಥಿಗಳಿಗೆ ಈ ಕ್ರೆಡಿಟ್ ಬೇಕಿಲ್ಲ. ಅವರಿಗೆ ಸಿಗುವುದು ಪ್ರಮಾಣಪತ್ರ, ತಮ್ಮ ಕೆಲಸವನ್ನು ನಾಲ್ಕು ಜನ ಬಲ್ಲವರ ಮುಂದಿಡುವ ಅವಕಾಶ ಮತ್ತು ಮುಂದೆ ಪಿ.ಜಿ. ಓದಲು ಯಾವ ವಿಭಾಗ ತಮಗೆ ಒಗ್ಗುತ್ತದೆ ಎಂಬ ಅಂದಾಜು.

ಮೂರು ತಿಂಗಳು ಮೊದಲೇ ಶುರು ಮಾಡಿ

ಮೊದಲು ಕಳಿಸಬೇಕಾದದ್ದು ಸಾರಾಂಶ, ಅಂದರೆ ಆಬ್‌ಸ್ಟ್ರ್ಯಾಕ್ಟ್. ಸುಮಾರು 250 ರಿಂದ 300 ಪದ. ಅಧ್ಯಯನ ಏಕೆ ಮಾಡಿದೆ, ಹೇಗೆ ಮಾಡಿದೆ, ಏನು ಕಂಡಿತು, ಅದರಿಂದ ಏನು ತಿಳಿಯಿತು ಎಂಬ ನಾಲ್ಕು ಭಾಗ ಅದರಲ್ಲಿರುತ್ತದೆ. ಇದನ್ನು ಕಳಿಸುವ ಗಡುವು ಸಮ್ಮೇಳನಕ್ಕೆ ಎರಡು ಮೂರು ತಿಂಗಳು ಮೊದಲೇ ಮುಗಿದಿರುತ್ತದೆ. ಮಾರ್ಗದರ್ಶಕ ಅಧ್ಯಾಪಕರಿಗೆ ತೋರಿಸದೆ ಕಳಿಸಬಾರದು. ಅವರ ಹೆಸರೂ ಅದರಲ್ಲಿರಬೇಕು. ರೋಗಿಗಳಿಂದ ಮಾಹಿತಿ ಪಡೆದ ಅಧ್ಯಯನವಾದರೆ ಕಾಲೇಜಿನ ನೀತಿ ಸಮಿತಿಯ ಒಪ್ಪಿಗೆ ಅಧ್ಯಯನಕ್ಕೆ ಮೊದಲೇ ಪಡೆದಿರಬೇಕು. ಆಮೇಲೆ ಪಡೆಯಲು ಬರುವುದಿಲ್ಲ.

ಸಾರಾಂಶ ಆಯ್ಕೆಯಾದರೆ ಸಾಲದು, ಪ್ರದರ್ಶಿಸುವವರು ಹಣ ಕಟ್ಟಿ ನೋಂದಾಯಿಸಿಕೊಳ್ಳಬೇಕು. ನಮ್ಮ ಹುಡುಗಿ ಎಡವಿದ್ದು ಇಲ್ಲಿಯೇ. ಆಯ್ಕೆಯ ಪತ್ರ ಬಂದಾಗ ಎಲ್ಲ ಮುಗಿಯಿತೆಂದು ಅವಳು ತಿಳಿದಿದ್ದಳು. ಹಣ ಕಟ್ಟಬೇಕೆಂದು ಗೊತ್ತಾಗುವ ಹೊತ್ತಿಗೆ ಕಡಿಮೆ ದರದ ದಿನಾಂಕ ದಾಟಿತ್ತು.

ಕಾಲೇಜಿನಿಂದ ಎರಡು ಪತ್ರ ಬೇಕು. ಒಂದು, ಇವರು ನಮ್ಮ ವಿದ್ಯಾರ್ಥಿ ಎಂಬ ಬೋನಫೈಡ್ ಪತ್ರ. ಇದಿಲ್ಲದಿದ್ದರೆ ವಿದ್ಯಾರ್ಥಿ ದರ ಸಿಗುವುದಿಲ್ಲ. ಇನ್ನೊಂದು, ರಜೆಯ ಅನುಮತಿ ಪತ್ರ. ಎಂ.ಬಿ.ಬಿ.ಎಸ್.ನಲ್ಲಿ ತರಗತಿಯ ಪಾಠಕ್ಕೆ ಶೇ. 75, ಪ್ರಾಯೋಗಿಕಕ್ಕೆ ಶೇ. 80 ಹಾಜರಾತಿ ಬೇಕಾದ್ದರಿಂದ ಹೇಳದೆ ಹೋಗುವುದು ಅಪಾಯ.

ಹಣದ ಲೆಕ್ಕ

ನಾನು ಬರೆದಿಟ್ಟ ಆ ಹುಡುಗಿಯ ಖರ್ಚು ಹೀಗಿದೆ:

ನೋಂದಣಿ (ವಿದ್ಯಾರ್ಥಿ ದರ, ಮೊದಲ ಗಡುವಿನೊಳಗೆ) – ರೂ. 3,000
ಅದರ ಮೇಲೆ ಜಿ.ಎಸ್.ಟಿ. ಶೇ. 18 – ರೂ. 540
ಪೋಸ್ಟರ್ ಮುದ್ರಣ – ರೂ. 500
ಮಹಿಳಾ ಹಾಸ್ಟೆಲಿನಲ್ಲಿ ಮೂರು ರಾತ್ರಿ – ರೂ. 1,800
ರಾತ್ರಿ ಊಟ ಮತ್ತು ಸಣ್ಣಪುಟ್ಟ ಖರ್ಚು – ರೂ. 600
ಆಟೋ, ಮೆಟ್ರೋ – ರೂ. 300
ಒಟ್ಟು – ರೂ. 6,740

ಸಮ್ಮೇಳನದಿಂದ ಸಮ್ಮೇಳನಕ್ಕೆ ಮೊತ್ತ ಬದಲಾಗುತ್ತದೆ, ಬಾಬ್ತುಗಳು ಮಾತ್ರ ಇವೇ. ಅದೇ ನೋಂದಣಿ ಗಡುವಿನ ನಂತರ ರೂ. 4,500 ಆಗುತ್ತಿತ್ತು. ತೆರಿಗೆ ಸೇರಿ ರೂ. 1,770 ಹೆಚ್ಚು. ತಡ ಮಾಡಿದ್ದಕ್ಕೆ ಕೊಡುವ ದಂಡ ಅದು. ನೋಂದಣಿಯಲ್ಲಿ ಮಧ್ಯಾಹ್ನದ ಊಟ, ಚಹಾ ಸೇರಿರುತ್ತದೆ. ರಾತ್ರಿಯ ಔತಣಕೂಟಕ್ಕೂ ಸಮ್ಮೇಳನದ ಹಿಂದಿನ ದಿನದ ಕಾರ್ಯಾಗಾರಕ್ಕೂ ಕೆಲವು ಕಡೆ ಬೇರೆ ಹಣ ಇರುತ್ತದೆ. ಔತಣಕೂಟ ತಡರಾತ್ರಿಯವರೆಗೆ ನಡೆಯುತ್ತದೆ. ಅದನ್ನು ಬಿಟ್ಟರೆ ವಿದ್ಯಾರ್ಥಿಗೆ ಏನೂ ನಷ್ಟವಿಲ್ಲ. ಕಾರ್ಯಾಗಾರ ಕೈಕೆಲಸ ಕಲಿಸುವಂಥದ್ದಾದರೆ ಅದಕ್ಕೆ ಕಟ್ಟಿದ ಹಣ ವ್ಯರ್ಥವಾಗುವುದಿಲ್ಲ.

ಪ್ರಯಾಣ ಮತ್ತು ವಸತಿ

ಬಸ್ಸಿನ ಖರ್ಚು ಮೇಲಿನ ಲೆಕ್ಕದಲ್ಲಿ ಇಲ್ಲದ್ದನ್ನು ಗಮನಿಸಿರಬಹುದು. ಶಕ್ತಿ ಯೋಜನೆ 2023ರ ಜೂನ್ 11ರಂದು ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಬೆಂಗಳೂರಿನ ಸಾಮಾನ್ಯ ಬಿ.ಎಂ.ಟಿ.ಸಿ. ಬಸ್ಸಿಗೂ ಇದು ಅನ್ವಯಿಸುತ್ತದೆ. ರಾಜಹಂಸ, ಐರಾವತ, ಎ.ಸಿ. ಬಸ್ಸು ಮತ್ತು ಮೆಟ್ರೋಗೆ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು. ಗಂಡುಮಕ್ಕಳು ಬಸ್ಸಿನ ಹಣವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ಬೆಂಗಳೂರು ಎಂದರೆ ಒಂದೇ ಊರಲ್ಲ. ನಾವು ಹೋದ ಸಮ್ಮೇಳನ ಹೊಸೂರು ರಸ್ತೆಯ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರಿನಲ್ಲಿತ್ತು. ಮೆಜೆಸ್ಟಿಕ್‌ನಲ್ಲಿ ಇಳಿದು ಹೊಸೂರು ರಸ್ತೆಯ ಸಿಟಿ ಬಸ್ ಹಿಡಿದೆವು. ಅದೇ ಭಾರತೀಯ ವಿಜ್ಞಾನ ಸಂಸ್ಥೆಯ ಟಾಟಾ ಸಭಾಂಗಣದಲ್ಲಿದ್ದರೆ ನಮ್ಮ ಕಡೆಯಿಂದ ಹೋಗುವವರು ಮೆಜೆಸ್ಟಿಕ್‌ವರೆಗೆ ಹೋಗದೆ ಯಶವಂತಪುರದಲ್ಲೇ ಇಳಿಯುವುದು ಅನುಕೂಲ. ಆದ್ದರಿಂದ ಸ್ಥಳ ಯಾವುದೆಂದು ಮೊದಲು ನೋಡಿ, ಅದರ ಹತ್ತಿರವೇ ವಸತಿ ಹುಡುಕಿ. ಸಂಬಂಧಿಕರ ಮನೆ ಇದೆಯೆಂದು ಊರಿನ ಇನ್ನೊಂದು ತುದಿಯಲ್ಲಿ ಇಳಿದುಕೊಂಡರೆ ದಿನಕ್ಕೆ ಮೂರು ನಾಲ್ಕು ಗಂಟೆ ರಸ್ತೆಯಲ್ಲೇ ಹೋಗುತ್ತದೆ. ಸಂಘಟಕರಿಗೆ ಮೊದಲೇ ಬರೆದರೆ ಎಷ್ಟೋ ಸಲ ಕಾಲೇಜು ಹಾಸ್ಟೆಲಿನಲ್ಲಿ ಕಡಿಮೆ ದರಕ್ಕೆ ಜಾಗ ಕೊಡಿಸುತ್ತಾರೆ. ಹಿಂದಿನ ದಿನ ಬೆಳಕಿರುವಾಗಲೇ ಊರು ಮುಟ್ಟುವಂತೆ ಹೊರಡಿ. ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬಂದವರು ಬೆಳಿಗ್ಗೆ ಪೋಸ್ಟರ್ ಮುಂದೆ ತೂಕಡಿಸುತ್ತಾರೆ.

ಪೋಸ್ಟರ್

ಅಳತೆಯನ್ನು ಸಂಘಟಕರೇ ತಿಳಿಸುತ್ತಾರೆ. ಎ0 ಎಂದಿದ್ದರೆ 841 ಮಿ.ಮೀ. ಅಗಲ, 1,189 ಮಿ.ಮೀ. ಎತ್ತರ. ಕೆಲವರು 3 ಅಡಿ ಅಗಲ, 4 ಅಡಿ ಎತ್ತರ ಎನ್ನುತ್ತಾರೆ. ಉದ್ದುದ್ದ, ಅಡ್ಡಡ್ಡ ಯಾವುದೆಂದು ಕೇಳಿಕೊಳ್ಳಿ. ಊರಿನ ಫ್ಲೆಕ್ಸ್ ಅಂಗಡಿಯಲ್ಲೇ ಮುದ್ರಿಸಬಹುದು. ಮಡಚಿದರೆ ಗೆರೆ ಬೀಳುತ್ತದೆ. ಸುರುಳಿ ಸುತ್ತಿ ರಟ್ಟಿನ ಕೊಳವೆಯಲ್ಲಿ ಇಡಬೇಕು. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿಬರುವ ಕೊಳವೆ ಕೇಳಿದರೆ ಕೊಡುತ್ತಾರೆ. ಇ-ಪೋಸ್ಟರ್ ಎಂದಿದ್ದರೆ ಮುದ್ರಣ ಬೇಡ. ಫೈಲನ್ನು ಪೆನ್‌ಡ್ರೈವಿನಲ್ಲೂ ಇಮೇಲಿನಲ್ಲೂ ಇಟ್ಟುಕೊಳ್ಳಿ. ರೋಗಿಯ ಹೆಸರು, ಆಸ್ಪತ್ರೆಯ ಸಂಖ್ಯೆ, ಮುಖ ಕಾಣುವ ಚಿತ್ರ ಯಾವುದೂ ಅದರಲ್ಲಿ ಇರಕೂಡದು.

ಪೋಸ್ಟರನ್ನು ಎರಡು ಮೂರು ನಿಮಿಷದಲ್ಲಿ ವಿವರಿಸಲು ಮನೆಯಲ್ಲೇ ಅಭ್ಯಾಸ ಮಾಡಬೇಕು. ಈ ಹುಡುಗಿಗೆ ನಾನು ಹೇಳಿದ್ದು ಒಂದೇ: "ಮೊದಲು ನಿನ್ನ ಅಮ್ಮಿಗೆ ಅರ್ಥವಾಗುವ ಹಾಗೆ ಹೇಳು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳು." ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ ಎಂಬುದನ್ನು ಅವಳ ತಾಯಿ ಕೇಳಿ, "ಹಾಗಾದರೆ ನಿನ್ನನ್ನು ಹೆರುವಾಗ ನನಗೂ ಇತ್ತು" ಎಂದರಂತೆ.

ಸಮ್ಮೇಳನದ ಮೂರು ದಿನ

ಬೆಳಿಗ್ಗೆ ನೋಂದಣಿ ಕೌಂಟರಿನಲ್ಲಿ ಹಣ ಕಟ್ಟಿದ ರಸೀದಿ, ಗುರುತಿನ ಚೀಟಿ ತೋರಿಸಿ ಬ್ಯಾಡ್ಜ್ ಮತ್ತು ಚೀಲ ಪಡೆಯಬೇಕು. ಬ್ಯಾಡ್ಜ್ ಇಲ್ಲದೆ ಸಭಾಂಗಣಕ್ಕೂ ಊಟಕ್ಕೂ ಬಿಡುವುದಿಲ್ಲ. ಏಕಕಾಲಕ್ಕೆ ಮೂರು ನಾಲ್ಕು ಕೊಠಡಿಗಳಲ್ಲಿ ಉಪನ್ಯಾಸ ನಡೆಯುತ್ತದೆ. ಎಲ್ಲವನ್ನೂ ಕೇಳುವ ಆಸೆ ಬೇಡ. ಹಿಂದಿನ ರಾತ್ರಿಯೇ ದಿನಕ್ಕೆ ನಾಲ್ಕನ್ನು ಗುರುತು ಹಾಕಿಕೊಳ್ಳಿ. ಔಷಧ ಕಂಪನಿಗಳ ಮಳಿಗೆಯಲ್ಲಿ ಪೆನ್ನು, ಚೀಲ ಕೊಡುತ್ತಾರೆಂದು ಅಲ್ಲೇ ಹೊತ್ತು ಕಳೆಯಬೇಡಿ. ತೆರೆಯ ಮೇಲೆ ರೋಗಿಯ ಚಿತ್ರವಿದ್ದಾಗ ಫೋಟೋ ತೆಗೆಯಬಾರದು.

ಬಟ್ಟೆ ಶುಭ್ರವಾಗಿದ್ದರೆ ಸಾಕು, ಹೊಸತು ಬೇಕಿಲ್ಲ. ಕಾಲಿಗೆ ಒಗ್ಗಿದ ಚಪ್ಪಲಿ ಅಥವಾ ಷೂ ಇರಲಿ, ದಿನವಿಡೀ ನಿಲ್ಲಬೇಕು. ಊಟದಲ್ಲಿ ಸಂದೇಹವಿದ್ದರೆ ಸಸ್ಯಾಹಾರದ ಕೌಂಟರ್ ಇದ್ದೇ ಇರುತ್ತದೆ. ಶುಕ್ರವಾರವಿದ್ದರೆ ಜುಮಾ ಹೊತ್ತಿಗೆ ನಿಮ್ಮ ಪೋಸ್ಟರಿನ ಸಮಯ ಬಿದ್ದಿದೆಯೇ ಎಂದು ವೇಳಾಪಟ್ಟಿ ಬಂದ ದಿನವೇ ನೋಡಿ. ಮೊದಲೇ ಬರೆದು ಕೇಳಿದರೆ ಬದಲಾಯಿಸಿಕೊಡುವ ಸಾಧ್ಯತೆ ಇದೆ, ಅಂದೇ ಕೇಳಿದರೆ ಕಷ್ಟ.

ತೀರ್ಪುಗಾರರು ಬರುವ ಸಮಯಕ್ಕೆ ಪೋಸ್ಟರ್ ಬಳಿ ಇರಲೇಬೇಕು. ನಮ್ಮ ಹುಡುಗಿಯ ಮುಂದೆ ನಿಂತ ಹಿರಿಯ ವೈದ್ಯೆ ಕೇಳಿದ್ದು: "180 ದಿನ ಕಬ್ಬಿಣಾಂಶದ ಮಾತ್ರೆ ಕೊಡುತ್ತೇವಲ್ಲ, ಆದರೂ ಏಕೆ ಹೀಗೆ?" ಅವಳು ತಡವರಿಸಲಿಲ್ಲ. "ಮಾತ್ರೆ ಮನೆಗೆ ತಲುಪಿದೆ ಮೇಡಂ. ಆದರೆ ಹೊಟ್ಟೆ ತೊಳಸುತ್ತದೆಂದು ಕೆಲವರು ಬಿಟ್ಟಿದ್ದಾರೆ. ಇನ್ನು ಕೆಲವರು ಚಹಾ ಜೊತೆ ನುಂಗುತ್ತಿದ್ದರು. ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ" ಎಂದಳು. ಮನೆ ಮನೆ ತಿರುಗಿದವಳಿಗೆ ಮಾತ್ರ ಗೊತ್ತಿರುವ ಉತ್ತರ ಅದು. ಬಹುಮಾನ ಬರಲಿಲ್ಲ. ಆದರೆ ಬೇರೆ ಜಿಲ್ಲೆಯ ಒಬ್ಬ ವೈದ್ಯರು ಅವಳ ಪ್ರಶ್ನಾವಳಿಯನ್ನು ತಮ್ಮ ಆರೋಗ್ಯ ಕೇಂದ್ರದಲ್ಲಿ ಬಳಸಲು ಕೇಳಿ ಪಡೆದರು. ಹಿಂದಿನ ವರ್ಷ ಈ ಉತ್ತರ ಹೇಳುವ ಅವಕಾಶವೇ ಅವಳಿಗೆ ಇರಲಿಲ್ಲ.

ಹೊರಡುವ ಮೊದಲು ಪ್ರಮಾಣಪತ್ರ ಪಡೆದುಕೊಳ್ಳಿ. ಅದರಲ್ಲಿ ಹೆಸರಿನ ಕಾಗುಣಿತ ಅಂಕಪಟ್ಟಿಯಲ್ಲಿದ್ದಂತೆಯೇ ಇದೆಯೇ ನೋಡಿ. ನಮ್ಮ ಹೆಸರುಗಳಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗುವುದು ಸಾಮಾನ್ಯ. ಅಲ್ಲೇ ತಿದ್ದಿಸಿದರೆ ಸುಲಭ.

ಒಂದು ಎಚ್ಚರ

"ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ನಿಮ್ಮನ್ನು ಆಹ್ವಾನಿಸಲಾಗಿದೆ" ಎಂದು ಇಮೇಲು, ವಾಟ್ಸಾಪ್‌ನಲ್ಲಿ ಬರುವುದೆಲ್ಲ ನಿಜವಲ್ಲ. ಹಣ ಪಡೆದು ಪ್ರಮಾಣಪತ್ರ ಮಾರುವವರಿದ್ದಾರೆ. ಯಾವ ಸಂಘ ಅಥವಾ ಕಾಲೇಜು ನಡೆಸುತ್ತಿದೆ, ನಿಮ್ಮ ವಿಭಾಗದ ಅಧ್ಯಾಪಕರು ಅದನ್ನು ಬಲ್ಲರೇ, ಹಣ ಹೋಗುವುದು ಸಂಸ್ಥೆಯ ಖಾತೆಗೋ ಯಾರೋ ಒಬ್ಬರ ಹೆಸರಿಗೋ ಎಂಬ ಮೂರನ್ನು ನೋಡಿ. ಕಳಿಸಿದ ಮರುದಿನವೇ ಆಯ್ಕೆಯಾಗಿದೆ ಎಂದರೆ ಸಂಶಯಪಡಿ.

ಟ್ರಸ್ಟಿಗೆ ಅರ್ಜಿ ಹಾಕುವವರಿಗೆ

ಈ ವರ್ಷದಿಂದ ವಿದ್ಯಾರ್ಥಿವೇತನ ಪಡೆಯುತ್ತಿರುವ ವೈದ್ಯಕೀಯ, ದಂತ ವೈದ್ಯಕೀಯ, ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ವಿದ್ಯಾರ್ಥಿಗಳು ಸಮ್ಮೇಳನದ ಖರ್ಚಿಗೂ ಅರ್ಜಿ ಹಾಕಬಹುದು. ಆಯ್ಕೆಯ ಪತ್ರ, ಮಾರ್ಗದರ್ಶಕರ ಸಹಿ ಇರುವ ಸಾರಾಂಶ, ಕಾಲೇಜಿನ ಅನುಮತಿ ಪತ್ರ ಮತ್ತು ಮೇಲಿನ ಮಾದರಿಯ ಖರ್ಚಿನ ಅಂದಾಜು ಜೊತೆಗಿರಲಿ. ಆಯ್ಕೆಯ ಪತ್ರ ಬಂದ ವಾರದೊಳಗೆ ಅರ್ಜಿ ಕೊಟ್ಟರೆ ಕಡಿಮೆ ದರದ ಗಡುವಿನೊಳಗೆ ಹಣ ಕಟ್ಟಲು ಸಾಧ್ಯ. ಹಿಂದಿರುಗಿದ ಮೇಲೆ ರಸೀದಿಗಳು, ಪ್ರಮಾಣಪತ್ರದ ಪ್ರತಿ ಮತ್ತು ಕಲಿತದ್ದರ ಬಗ್ಗೆ ಒಂದು ಪುಟದ ಬರಹ ಕೊಡಬೇಕು. ಆ ಬರಹವನ್ನು ಮುಂದೆ ಹೋಗುವ ಮಕ್ಕಳಿಗೆ ಓದಲು ಕೊಡುತ್ತೇವೆ.

ದಾನಿಗಳಲ್ಲಿ ಒಂದು ಮಾತು. ಕಾಲೇಜು ಶುಲ್ಕ, ಪುಸ್ತಕ, ಹಾಸ್ಟೆಲಿಗೆ ನೀವು ಕೊಟ್ಟದ್ದರಿಂದ ಈ ಮಕ್ಕಳು ತರಗತಿಯವರೆಗೆ ಬಂದಿದ್ದಾರೆ. ಅದಕ್ಕೆ ಹೋಲಿಸಿದರೆ ಈ ಏಳು ಸಾವಿರದೊಳಗಿನ ಖರ್ಚು ಚಿಕ್ಕದು. ಆದರೆ ಅದು ಸಿಗದಿದ್ದರೆ ಮಾಡಿದ ಕೆಲಸ ಯಾರಿಗೂ ಕಾಣದೆ ಉಳಿಯುತ್ತದೆ.

ತಂದೆ ತಾಯಂದಿರಲ್ಲೂ ಒಂದು ಮಾತು. ಮಕ್ಕಳು ಮನೆಯ ಕಷ್ಟ ನೋಡಿ ಕೆಲವನ್ನು ಬಾಯಿಬಿಟ್ಟು ಹೇಳುವುದಿಲ್ಲ. ತಿಂಗಳಿಗೊಮ್ಮೆ ನೀವೇ ಕೇಳಿ: "ಕಾಲೇಜಿನಿಂದ ಯಾವುದಾದರೂ ಪತ್ರ ಬಂದಿದೆಯಾ?" ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಟ್ರಸ್ಟಿನ ಕಚೇರಿಗೆ ತನ್ನಿ. ಕೂತು ಓದಿ ಹೇಳುತ್ತೇವೆ.